ಸಾವಂತ್ರಿಯ ನಾಲ್ಕು ನೂಲು

ನಮ್ಮ ಅಳತೆ ಕಚೇರಿಯಲ್ಲಿ ಬೆಳಗಿನ ಹತ್ತು ಗಂಟೆಯ ಮೇಲೆ ದೊಡ್ಡವರನ್ನು ಕಂಬಕ್ಕೆ ನಿಲ್ಲಿಸುವುದಿಲ್ಲ. ನಾನು ಗುಮಾಸ್ತನಾಗಿ ಸೇರಿದ ಹೊಸದರಲ್ಲಿ ಈ ಕಟ್ಟುಪಾಡು ಇರಲಿಲ್ಲ. ಆಗೆಲ್ಲ ಹೆಂಡತಿಯಿಂದ ದೂರವಾದ ಗಂಡಸರು ಅಳತೆಯ ದಿನ ಹೊತ್ತು ಹುಟ್ಟುವ ಮೊದಲೇ ಎದ್ದು ರಾಗಿಮೂಟೆ ಹೊರಲು ಹೋಗುತ್ತಿದ್ದರು. ಕೂಲಿಗಲ್ಲ, ಕುಗ್ಗುವುದಕ್ಕೆ. ದಿನವೆಲ್ಲ ಹೊತ್ತು ಸಂಜೆ ನಾಲ್ಕಕ್ಕೆ ಬಂದು ಕಂಬಕ್ಕೆ ಬೆನ್ನು ಕೊಟ್ಟರೆ ಮೂರು ನಾಲ್ಕು ನೂಲು ಕಡಿಮೆ ತೋರುತ್ತಿತ್ತು. ಪಂಚೆಯೊಳಗೆ ಮಂಡಿ ಬಗ್ಗಿಸುವವರ ಕಾಟ ಬೇರೆ. ಅದಕ್ಕೆಂದೇ ನನ್ನ ಕೈಯಲ್ಲಿ ಈಗಲೂ ಒಂದು ಬೆತ್ತ ಇರುತ್ತದೆ. ಹೊಡೆಯುವುದಕ್ಕಲ್ಲ, ಮಂಡಿಯ ಹಿಂದೆ ಮುಟ್ಟಿ ನೋಡುವುದಕ್ಕೆ.

ಇಂಚಿಗೆ ಎಂಟು ನೂಲು. ಬಡಗಿಗಳ ಲೆಕ್ಕವೇ ನಮ್ಮದೂ. ಒಂದು ಮಗು ವರ್ಷಕ್ಕೆ ಎರಡು ಇಂಚು ಬೆಳೆಯಬೇಕಾದರೆ ಹೆತ್ತವರ ಮೈಯಿಂದ ನಾಲ್ಕು ನೂಲು ಇಳಿಯಬೇಕು. ಗಂಡ ಹೆಂಡಿರು ಒಂದೇ ಸೂರಿನಡಿ ಇರುವವರೆಗೆ ಇದನ್ನು ಯಾರೂ ಎಣಿಸುವುದಿಲ್ಲ. ಯಾರಿಂದ ಎಷ್ಟು ಹೋಯಿತೆಂದು ಕೇಳಿದರೆ ನಗುತ್ತಾರೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಗಂಡ ಅಡುಗೆಮನೆಯ ಹಲಗೆಯನ್ನು ಒಂದು ಇಂಚು ಕೆಳಗಿಳಿಸಿ ಮೊಳೆ ಹೊಡೆಯುತ್ತಾನೆ, ಹೆಂಡತಿ ಅವನ ಪಂಚೆಯ ಅಂಚು ಮಡಿಸಿ ಹೊಲಿಯುತ್ತಾಳೆ, ಅಷ್ಟೇ. ನನಗೆ ಮೂವರು ಮಕ್ಕಳು. ಕೆಲಸಕ್ಕೆ ಸೇರಿದಾಗ ನೆಲದ ಮೇಲೆ ನಿಂತೇ ಎಲ್ಲರನ್ನೂ ಅಳೆಯುತ್ತಿದ್ದವನು ಈಗ ಮಣೆ ಹಾಕಿಕೊಂಡು ನಿಲ್ಲುತ್ತೇನೆ. ವಯಸ್ಸಾದ ಮೇಲೂ ಉದ್ದಕ್ಕೇ ಇರುವ ಗಂಡಸನ್ನು ಕಂಡರೆ ನಮ್ಮೂರಿನವರು ಒಂದು ಥರ ನೋಡುತ್ತಾರೆ. ಮಕ್ಕಳಾಗಲಿಲ್ಲವೋ, ಆದ ಮಕ್ಕಳನ್ನು ಬಿಟ್ಟನೋ ಎಂದು.

ಮನೆ ಎರಡಾದಾಗ ಲೆಕ್ಕ ಶುರುವಾಗುತ್ತದೆ. ಮಗು ಯಾರ ಮಗ್ಗುಲಲ್ಲಿ ಮಲಗುತ್ತದೋ ಅವರಿಂದಲೇ ಪೂರ್ತಿ ಎಳೆದುಕೊಳ್ಳುತ್ತದೆ. ದೂರ ಹೋದವರ ಪಾಲು ತಾನಾಗಿ ಬರುವುದಿಲ್ಲ. ಅದಕ್ಕೆ ಹಾಳೆ ಬರೆದು, ಇಬ್ಬರ ಹೆಬ್ಬೆಟ್ಟು ಒತ್ತಿಸಿ, ಮೊಹರು ಹಾಕಬೇಕು. ಮೊಹರು ಬಿದ್ದ ಮೇಲೆ ಅವರು ಊರ ಎಲ್ಲೆಯೊಳಗೆ ಎಲ್ಲೇ ಮಲಗಿರಲಿ, ಬರೆದಷ್ಟು ಅವರಿಂದ ಇಳಿಯುತ್ತದೆ. ಎಲ್ಲೆ ದಾಟಿ ಹೋದವರ ಮೇಲೆ ನಮ್ಮ ಮೊಹರು ನಡೆಯುವುದಿಲ್ಲ.

ಹೊಂಬಾಳಮ್ಮ ಮತ್ತು ಗವಿರಂಗಪ್ಪ ಕಚೇರಿಗೆ ಬಂದದ್ದು ಶ್ರಾವಣದ ಒಂದು ಮೋಡದ ಬೆಳಗ್ಗೆ. ಹೊಂಬಾಳಮ್ಮ ಗುಂಡಿಮಗ್ಗದಲ್ಲಿ ನೇಯುವವಳು. ಗವಿರಂಗಪ್ಪ ಊರಾಚೆಯ ಇಟ್ಟಿಗೆ ಗೂಡಿನಲ್ಲಿ ಟ್ರಾಕ್ಟರ್ ಓಡಿಸುವವನು. ಅವನು ಗೂಡಿನಲ್ಲೇ ಇಟ್ಟಿಗೆ ಹೊರುವ ಹೆಣ್ಣೊಬ್ಬಳನ್ನು ಕೂಡಿಕೊಂಡು, ತನ್ನ ತಾಯಿಯನ್ನೂ ಕರೆದುಕೊಂಡು ಬೇರೆ ಮನೆ ಮಾಡಿ ಎರಡು ವರ್ಷವಾಗಿತ್ತು. ಆ ಎರಡು ವರ್ಷ ಹಾಳೆ ಇಲ್ಲದೆ, ಅವರ ಮಗಳು ಸಾವಂತ್ರಿ ತಾಯಿಯೊಬ್ಬಳ ಮಗ್ಗುಲಲ್ಲೇ ಮಲಗಿ ಬೆಳೆದಿದ್ದಳು. ಎರಡು ವರ್ಷಕ್ಕೆ ಎಂಟು ನೂಲು, ಒಂದು ಇಂಚು, ಹೊಂಬಾಳಮ್ಮನಿಂದಲೇ ಹೋಗಿತ್ತು. ಅದಕ್ಕೇ ಅವಳು ಅರ್ಜಿ ಕೊಟ್ಟದ್ದು. ಹುಡುಗಿಗೆ ಆಗ ಎಂಟು ವರ್ಷ. ಅಪ್ಪನ ಕಡೆಗೊಂದು ಸಲ, ಅಮ್ಮನ ಕಡೆಗೊಂದು ಸಲ ನೋಡುತ್ತಾ ಬೆಂಚಿನ ತುದಿಯಲ್ಲಿ ಕೂತಿದ್ದಳು.

ಹೊಂಬಾಳಮ್ಮನನ್ನು ಮೊದಲು ನಿಲ್ಲಿಸಿದೆ. ಬೆನ್ನು, ಕತ್ತು ನೆಟ್ಟಗೆ ಮಾಡಿ ನಿಂತಳು. ನಾಲ್ಕು ಅಡಿ ನಾಲ್ಕು ಇಂಚು. ಗವಿರಂಗಪ್ಪ ಐದು ಅಡಿ. ಅವನ ಮಂಡಿಯ ಹಿಂದೆ ಬೆತ್ತ ಮುಟ್ಟಿಸಿದೆ, ನೆಟ್ಟಗೇ ಇತ್ತು.

"ನಾಲ್ಕು ಅಡಿಯೊಳಗಿನದನ್ನು ಯಾರದನ್ನೂ ಮುಟ್ಟುವಂತಿಲ್ಲ," ಎಂದು ಎಲ್ಲರಿಗೂ ಹೇಳುವ ಮಾತನ್ನು ಹೇಳಿದೆ. "ಅದರ ಮೇಲೆ ಉಳಿದದ್ದರಲ್ಲಿ ಪಾಲು. ನಿನಗೆ ಹನ್ನೆರಡು ಇಂಚು ಉಳೀತು ಗವಿರಂಗಪ್ಪ, ಈಕೆಗೆ ನಾಲ್ಕು. ಮೂರಕ್ಕೆ ಒಂದು. ವರ್ಷಕ್ಕೆ ನಿಂದು ಮೂರು ನೂಲು, ಈಕೆದು ಒಂದು. ಮಗೂಗೆ ಹದಿನಾರು ತುಂಬೋ ತನಕ."

ಗವಿರಂಗಪ್ಪ ಬೆರಳು ಮಡಿಸಿ ಎಣಿಸಿದ. "ಎಂಟು ವರ್ಷಕ್ಕೆ ಮೂರಿಂಚಾಯ್ತಲ್ಲ ಗುಮಾಸ್ತ್ರೇ."

"ಆಯ್ತು."

"ಆ ಗಾಡಿ ಯಾವ ಕಾಲದ್ದು ಅಂತ ನಿಮಗ್ಗೊತ್ತಾ? ಈಗ್ಲೇ ಸೀಟಿನ ತುದೀಗ್ ಬಂದು ಕ್ಲಚ್ಚು ತುಳೀತಿದೀನಿ. ಒಂದಿಂಚು ಹೋದ್ರೆ ಹೆಂಗೋ ಆಯ್ತದೆ. ಮೂರಿಂಚು ಹೋದ್ರೆ ಧಣಿ ಇನ್ನೊಬ್ಬನ್ನ ಕೂರಿಸ್ತಾನೆ."

"ಮರದ ತುಂಡು ಕಟ್ಕೋ ಕ್ಲಚ್ಚಿಗೆ," ಎಂದಳು ಹೊಂಬಾಳಮ್ಮ, ಅವನ ಕಡೆ ನೋಡದೆ.

"ಕಟ್ಟಿದ್ದೆ ಕಣೆ ಒಂದ್ಸಲ. ಇಳಿಜಾರಲ್ಲಿ ಕಳಚ್ಕೊಂತು. ಇಟ್ಟಿಗೆ ಸಮೇತ ಕೆರೇಗ್ ಹೋಗ್ತಿದ್ದೆ."

"ಹೋಗಿದ್ರೆ ಈ ಹಾಳೆ ಖರ್ಚಾದ್ರೂ ಉಳೀತಿತ್ತು."

ನಾನು ಕೆಮ್ಮಿದೆ. ಹೊಂಬಾಳಮ್ಮ ಸೀರೆಯ ನೆರಿಗೆ ತುಸು ಎತ್ತಿ ತನ್ನ ಪಾದ ತೋರಿಸಿದಳು. ಹೆಬ್ಬೆರಳ ತುದಿ ಜಡ್ಡುಗಟ್ಟಿ ಕಪ್ಪಾಗಿತ್ತು. "ನಾನೂ ಗುಂಡೀಲಿ ಮಗ್ಗದ ಹಲಗೆ ತುಳಿಯೋದು ಈ ತುದಿಬೆರಳಲ್ಲೇ ಸಾಮಿ. ಇನ್ನೊಂದಿಂಚಿಗಿಂತ ಹೆಚ್ಚು ಹೋದ್ರೆ ಅದೂ ಎಟುಕಲ್ಲ. ನಂಗೂ ಒಂದೇ ಇಂಚು ಉಳ್ದಿರೋದು. ಅದನ್ನ ಕೊಡ್ತೀನಿ. ಹೆಚ್ಗೆ ಕೇಳ್ಬ್ಯಾಡಿ."

ಹುಡುಗಿಗೆ ಹದಿನಾರರ ಹೊತ್ತಿಗೆ ಹೆತ್ತವರಿಂದ ಬೇಕಾದದ್ದು ನಾಲ್ಕು ಇಂಚು. ಇಬ್ಬರ ಬಳಿ, ಅನ್ನದ ದಾರಿ ಕೆಡದಂತೆ ಕೊಡಬಹುದಾದದ್ದು ಎರಡು. ಕಾನೂನಿಗೆ ಹಲಗೆಯೂ ಗೊತ್ತಿಲ್ಲ, ಕ್ಲಚ್ಚೂ ಗೊತ್ತಿಲ್ಲ. ಮೂರು ಮತ್ತು ಒಂದು ಎಂದು ಬರೆಯಲು ಪೆನ್ನು ತೆಗೆದೆ.

ಆಗ ಗವಿರಂಗಪ್ಪ ರಾತ್ರಿಗಳ ಮಾತು ತೆಗೆದ. ಮಗು ವರ್ಷದಲ್ಲಿ ನೂರಕ್ಕೂ ಹೆಚ್ಚು ರಾತ್ರಿ ದೂರವಿರುವವರ ಮನೆಯಲ್ಲಿ ಮಲಗಿದರೆ, ಅವರು ಎರಡು ನೂಲನ್ನು ಮಗ್ಗುಲಿನಿಂದಲೇ ಕೊಟ್ಟಂತೆ ಎಂದು ಹಾಳೆಯಿಂದ ಕಳೆಯುತ್ತೇವೆ. "ನೂರಿಪ್ಪತ್ತು ರಾತ್ರಿ ನಮ್ಮನೆಗೆ ಕಳಿಸ್ಲಿ. ಹಾಳೇಲಿ ಒಂದು ನೂಲು ಬರೀರಿ," ಎಂದ.

ನಾನು ಯೋಚಿಸಬೇಕಿತ್ತು. ಹಾಳೆಯಲ್ಲಿ ಕಳೆದದ್ದನ್ನು ಮಗು ಮಗ್ಗುಲಿನಿಂದ ಎಳೆದುಕೊಂಡೇ ತೀರುತ್ತದೆ. ಅವನಿಗೆ ಒಂದು ನೂಲೂ ಉಳಿಯುವುದಿಲ್ಲ. ಉಳಿಯದಿದ್ದರೂ ಕೇಳುತ್ತಿದ್ದಾನೆಂದರೆ ಮಗಳ ಮೇಲಿನ ಅಕ್ಕರೆಯೇ ಇರಬೇಕು ಎಂದುಕೊಂಡೆ. ಇಪ್ಪತ್ತಾರು ವರ್ಷದಲ್ಲಿ ಅಂಥ ಅಕ್ಕರೆಯನ್ನು ನಾನು ಹೆಚ್ಚು ಕಂಡವನಲ್ಲ. ಕಂಡಾಗ ಹಿಗ್ಗಿಬಿಟ್ಟೆ. ಹೊಂಬಾಳಮ್ಮ ಮಾತ್ರ, "ಯಾರ ಮಗ್ಗುಲಲ್ಲಿ ಮಲಗ್ಸ್ತಾನೆ ಅಂತ ಬರೀರಿ," ಎಂದಳು. ಅವಳ ಮನಸ್ಸಿನಲ್ಲಿದ್ದದ್ದು ಆ ಹೊಸ ಹೆಂಗಸು. ಹಾಳೆಯಲ್ಲಿ ಇರುವುದು 'ಮನೆ' ಎಂಬ ಒಂದೇ ಅಂಕಣ ಎಂದು ಹೇಳಿದೆ. ತಂದೆಯ ಮನೆ ಎಂದು ಬರೆದು ಮೊಹರು ಹಾಕಿದೆ.

ಸಂಜೆ ಐದೂವರೆ ಆರರ ಹೊತ್ತಿಗೆ ನಮ್ಮೂರ ಬೀದಿಗಳಲ್ಲಿ ಕಂಕುಳಲ್ಲಿ ಚಾಪೆ ಸುತ್ತಿಕೊಂಡು ಹೋಗುವ ಮಕ್ಕಳು ಕಾಣುತ್ತಾರೆ. ಚಾವಡಿಯ ಮುಂದೆ ನಿಂತರೆ ತಳವಾರ ಅವರ ಹೆಸರಿನ ಮುಂದೆ ಗೋಡೆಗೆ ಒಂದು ಗೀಟು ಎಳೆಯುತ್ತಾನೆ. ಅವತ್ತಿನಿಂದ ವಾರಕ್ಕೆ ಎರಡು ಮೂರು ದಿನ ಸಾವಂತ್ರಿಯೂ ಹಾಗೆ ಇಟ್ಟಿಗೆ ಗೂಡಿನ ಕಡೆ ಹೋಗುವುದನ್ನು ನೋಡುತ್ತಿದ್ದೆ. ಚಾಪೆ ಅವಳಿಗಿಂತ ಉದ್ದವಿತ್ತು. ಒಂದು ಕೈಯಲ್ಲಿ ಅಜ್ಜಿಗೆಂದು ಎಲೆ ಅಡಿಕೆಯ ಪೊಟ್ಟಣ.

ವರ್ಷ ತುಂಬಿದ ಮೇಲೆ ಮೂವರೂ ಮತ್ತೆ ಬಂದರು. ಸಾವಂತ್ರಿ ಎರಡು ಇಂಚು, ತುಂಬು ಎರಡು ಇಂಚು ಬೆಳೆದಿದ್ದಳು. ಹೊಂಬಾಳಮ್ಮ ಒಂದು ನೂಲು ಇಳಿದಿದ್ದಳು. ಗವಿರಂಗಪ್ಪನನ್ನು ಅಳೆದೆ. ಮತ್ತೊಮ್ಮೆ ಅಳೆದೆ. ಮಣೆಯಿಂದಿಳಿದು ಕಂಬದ ಬುಡ ನೋಡಿ ಮೂರನೆಯ ಸಲ ಅಳೆದೆ. ಅವನಿಂದಲೂ ಹೋಗಿದ್ದದ್ದು ಒಂದೇ ನೂಲು. ಮಗುವಿಗೆ ನಾಲ್ಕು ಸೇರಿದೆ. ಹೆತ್ತವರಿಂದ ಎರಡು ಹೋಗಿದೆ. ಇನ್ನೆರಡು ಯಾರದು?

"ನಿನ್ನ ಹೊಸ ಹೆಂಡ್ತಿದಾ?" ಎಂದು ಗವಿರಂಗಪ್ಪನನ್ನು ಕೇಳಿದೆ.

"ಅವಳು ಬಸುರಿ ಗುಮಾಸ್ತ್ರೇ. ಅವಳ ಹತ್ರ ಸೇರಿಸಲ್ಲ," ಎಂದು ಗವಿರಂಗಪ್ಪ ಕಿಟಕಿಯ ಹೊರಗೆ ನೋಡಿದ.

"ನಾನು ಅಜ್ಜಿ ಹತ್ರ ಮಲಗೋದು ಸಾರ್," ಎಂದಳು ಸಾವಂತ್ರಿ. ಬಹಳ ಸಂತೋಷದಿಂದ ಹೇಳಿದಳು.

ನಮ್ಮೂರಿನಲ್ಲಿ ಅಜ್ಜಿ ತಾತಂದಿರು ಮೊಮ್ಮಕ್ಕಳನ್ನು ಹಗಲೆಲ್ಲ ಎತ್ತಿ ಆಡಿಸುತ್ತಾರೆ, ದೀಪ ಹಚ್ಚಿದ ಮೇಲೆ ಮುಟ್ಟುವುದಿಲ್ಲ. ಮುದಿ ಮೈ ಸುಲಭಕ್ಕೆ ಕೊಡುವುದಿಲ್ಲ. ಅಲ್ಲಿಂದ ಮಗುವಿಗೆ ಒಂದು ನೂಲು ಸೇರಬೇಕಾದರೆ ಒಂದು ಇಂಚು ಇಳಿಯುತ್ತದೆ. ಹೊಂಬಾಳಮ್ಮ ಬೆಂಚಿನ ಮೇಲೆ ಕೂತುಬಿಟ್ಟಳು. ಹಾಳೆಯನ್ನು ಹಾಗೇ ಮಡಿಸಿಟ್ಟು, ನೋಡಿಕೊಂಡು ಬರುತ್ತೇನೆಂದು ಅವರನ್ನು ಕಳಿಸಿದೆ.

ಮರುದಿನ ಗೂಡಿನ ಕಡೆ ಹೋದೆ. ಗವಿರಂಗಪ್ಪನ ತಾಯಿ ಈರಜ್ಜಿ ಬಾಗಿಲ ಮುಂದೆ ಹುರುಳಿ ಕೇರುತ್ತಾ ಕೂತಿದ್ದಳು. ಮೊರದ ಹಿಂದೆ ಅವಳ ತಲೆ, ಎರಡು ಕೈ ಮಾತ್ರ ಕಾಣುತ್ತಿದ್ದವು. ಸಾವಂತ್ರಿ ಅಲ್ಲೇ ಹೊಸಿಲ ಮೇಲೆ ಕೂತು ಕಲ್ಲು ಆರಿಸುತ್ತಿದ್ದಳು.

"ಬಾಪ್ಪ ಗುಮಾಸ್ತ. ಕಂಬ ಹೊತ್ಕೊಂಡ್ ಬರ್ಲಿಲ್ವಾ?" ಎಂದಳು ಅಜ್ಜಿ.

"ಯಾಕಜ್ಜಿ ಹಿಂಗೆ ಮಾಡ್ಕೊಂಡೆ?"

"ಏನ್ ಮಾಡ್ಕೊಂಡೆ? ಆರು ಹೆತ್ತೋಳು ನಾನು. ಆರು ಜನಕ್ಕೂ ಕೊಟ್ಟು ಮೂರಡಿ ಎಂಟಿಂಚಾಗಿದ್ದೆ. ಆವಾಗೇನು ನೀನು ಕೇಳಕ್ ಬಂದಿದ್ಯಾ?"

"ಈಗ ಮೂರಡಿ ಆರು. ಇನ್ನೇಳು ವರ್ಷ ಆದ್ರೆ ಏನುಳೀತದೆ, ಲೆಕ್ಕ ಹಾಕಿದ್ಯಾ?"

"ಹೂಳಕ್ಕೆ ಸಣ್ಣ ಗುಂಡಿ ಸಾಕಾಯ್ತದೆ. ತೋಡೋರ್ಗೂ ಸಲೀಸು." ಅವಳು ಮೊರ ಕೆಳಗಿಟ್ಟಳು. "ನೋಡಪ್ಪ. ನನ್ ಮಗಂಗೆ ಗಾಡಿ ಬಿಟ್ರೆ ಬೇರೆ ಏನೂ ಬರಲ್ಲ. ನನ್ ಸೊಸೆಗೆ ಮಗ್ಗ ಬಿಟ್ರೆ ಬರಲ್ಲ. ಅವನು ಬಿಟ್ಟ ಅಂತ ಅವಳು ನಂಗೆ ಸೊಸೆ ಅಲ್ದೆ ಹೋಯ್ತಾಳಾ? ನಾನು ಈ ಉದ್ದ ಇಟ್ಕೊಂಡು ಇನ್ನ್ಯಾವ ಅಟ್ಟ ಹತ್ಬೇಕು? ಬರ್ಕೋಬ್ಯಾಡ. ನೋಡ್ಲಿಲ್ಲ ಅಂದ್ಕೊಂಡು ಎದ್ದೋಗು."

"ನೀರು ಹೆಂಗ್ ತರ್ತೀಯ?"

"ಹುಡುಗಿ ಬಂದ ದಿನ ಹಂಡೆ ತುಂಬ್ತಳೆ. ಇಲ್ದಿದ್ ದಿನ ತೊಟ್ಟಿ ಹತ್ರ ಕಲ್ಲು ಹಾಕ್ಕೊಂಡು ಹತ್ತಿ ಮೊಗೇಲಿ ತಗೋತೀನಿ." ಮೊರವನ್ನು ಮತ್ತೆ ಎತ್ತಿಕೊಂಡು ಹೇಳಿದಳು. "ಒಂದಿವ್ಸ ಜಾರಿ ಬಿದ್ದೆ. ಅದನ್ನ ಅವಳಮ್ಮಂಗೆ ಹೇಳ್ಬ್ಯಾಡ."

ಸಾವಂತ್ರಿ ಕಲ್ಲು ಆರಿಸುವುದನ್ನು ನಿಲ್ಲಿಸಿದ್ದಳು. ಅವಳು ಕೇಳಿಸಿಕೊಳ್ಳುತ್ತಿದ್ದಾಳೆಂದು ನಮ್ಮಿಬ್ಬರಿಗೂ ಹೊಳೆದದ್ದು ಆಮೇಲೆ.

ಹಿಂದಿರುಗುವಾಗ ಗೂಡಿನ ಬಳಿ ಗವಿರಂಗಪ್ಪ ಟ್ರಾಕ್ಟರಿನ ಮೇಲೆ ಕೂತಿದ್ದ. ಇಳಿಯಲಿಲ್ಲ. "ರಾತ್ರಿಗಳನ್ನ ಹೊಡೆದುಹಾಕಿ ಮೂರು ನೂಲು ಬರೀತೀರಾ?" ಎಂದು ಕೇಳಿದ. ಬರೆಯಬೇಕಾಗುತ್ತದೆ ಎಂದೆ. "ಬರೀರಿ. ಹೊಳೆ ಆಚೆ ಕಲ್ಲು ಕ್ವಾರೀಲಿ ಕೆಲ್ಸ ಐತೆ. ಎಲ್ಲರ್ನೂ ಬಿಟ್ಟು ಹೋಯ್ತೀನಿ." ಅವನ ದನಿಯಲ್ಲಿ ಬೆದರಿಕೆ ಇರಲಿಲ್ಲ. ಬೇರೆ ದಾರಿ ನೋಡಿ ನೋಡಿ ಸಾಕಾದವನ ಹಾಗೆ ಹೇಳಿದ.

ಹೊಳೆಯೇ ನಮ್ಮ ಎಲ್ಲೆ. ಅವನು ದಾಟಿದರೆ ನಾಲ್ಕೂ ನೂಲು ಹೊಂಬಾಳಮ್ಮನಿಂದ ಇಳಿಯಬೇಕು. ಎರಡೇ ವರ್ಷಕ್ಕೆ ಅವಳ ಕಾಲು ಹಲಗೆ ಬಿಡುತ್ತದೆ. ಇದನ್ನು ಅವಳಿಗೆ ಹೇಳಲು ಅವಳ ಮನೆಗೆ ಹೋದೆ. ಅವಳು ಗುಂಡಿಯಲ್ಲಿ ಇಳಿಬಿಟ್ಟ ಕಾಲನ್ನು ನಿಲ್ಲಿಸದೆ ಕೇಳಿದಳು. ಲಾಳಿ ಅತ್ತಿಂದಿತ್ತ ಓಡುತ್ತಿತ್ತು.

"ನನ್ ಮದುವೆ ದಿನ ಅತ್ತೆ ನನ್ ತಲೆ ಮೇಲೆ ಕೈ ಇಟ್ಟು ಹರಸಿದ್ರು," ಎಂದಳು. "ಈಗ ನಾನು ಬಗ್ಗದಿದ್ರೆ ಅವರ ಕೈ ಎಟುಕಲ್ಲ." ಮತ್ತಷ್ಟು ಹೊತ್ತು ನೇಯ್ದಳು. "ನಾಳೆಯಿಂದ ಮಗೂನ ಕಳಿಸಲ್ಲ ಸಾಮಿ."

ಎರಡು ಸಂಜೆ ಕಳಿಸಲಿಲ್ಲ. ಮೂರನೆಯ ಸಂಜೆ ಚಾವಡಿಯ ಗೋಡೆಯ ಮೇಲೆ ಸಾವಂತ್ರಿಯ ಹೆಸರಿನ ಮುಂದೆ ಹೊಸ ಗೀಟು ಇತ್ತು. ನಾನೂ ಕಚೇರಿಗೆ ಹೋಗಿ ಮಡಿಸಿಟ್ಟ ಹಾಳೆಯನ್ನು ಬಿಚ್ಚಿ, ಹಿಂದಿನ ವರ್ಷದಂತೆಯೇ ಬರೆದು ಮೊಹರು ಹಾಕಿದೆ. 'ಮನೆ' ಅಂಕಣದಲ್ಲಿ ಬರೆದದ್ದು ಸುಳ್ಳೇನೂ ಆಗಿರಲಿಲ್ಲ.

ಆರು ತಿಂಗಳು ಕಳೆದವು. ಮಾಘದ ಒಂದು ಬೆಳಗ್ಗೆ ಕಚೇರಿಯ ಮೆಟ್ಟಿಲ ಬಳಿ ಯಾರೋ ಕೂಗಿದಂತಾಯಿತು. ಮೇಜಿನಿಂದ ನೋಡಿದರೆ ಯಾರೂ ಕಾಣಲಿಲ್ಲ. ಎದ್ದು ಹೋದರೆ ಈರಜ್ಜಿ. ಮೆಟ್ಟಿಲು ಅವಳ ಮಂಡಿಯ ಮೇಲಕ್ಕಿತ್ತು. ಕೈಯೂರಿ ಒಂದೊಂದೇ ಹತ್ತುತ್ತಿದ್ದಳು. ಸ್ವಲ್ಪ ದೂರದಲ್ಲಿ, ಇನ್ನೂ ಬೀದಿಯಲ್ಲೇ, ಗವಿರಂಗಪ್ಪ, ಅವನ ಹಿಂದೆ ಮಗ್ಗ ಬಿಟ್ಟು ಬಂದ ಹೊಂಬಾಳಮ್ಮ. ಕೊನೆಯಲ್ಲಿ ಸಾವಂತ್ರಿ, ಎರಡೂ ಕೈ ಕಟ್ಟಿಕೊಂಡು.

"ನಂದೊಂದು ದೂರೈತೆ ಬರ್ಕೋ," ಎಂದಳು ಈರಜ್ಜಿ. "ಈ ಹುಡುಗಿ ನನ್ ಹತ್ರ ಮಲಗ್ತಾ ಇಲ್ಲ. ಬತ್ತಳೆ, ಉಂಬ್ತಳೆ, ಜಗಲಿಗೋಗಿ ಒಬ್ಬಳೇ ಬಿದ್ಕೋತಳೆ. ಚಳಿಗೆ ಎದೆ ಕಟ್ಕೊಂಡು ಹದಿನೈದು ದಿನ ಕೆಮ್ಮಿದ್ಲು. ಬೆಳೆದಿದ್ದಾಳಾ ನೋಡು, ಅಳೆದು ನೋಡು."

ಅಳೆದೆ. ಆರು ತಿಂಗಳಿಗೆ ಒಂದು ಇಂಚು ಬೆಳೆಯಬೇಕಿದ್ದವಳು ಅರ್ಧ ಇಂಚು ಬೆಳೆದಿದ್ದಳು. ಹಾಳೆಯಿಂದ ಬಂದದ್ದು ಅಷ್ಟೇ.

"ಅಪ್ಪನ ಹತ್ರ ಮಲಗು ಅಂದೆ. ಬರಲ್ಲ ಅಂತಾಳೆ," ಎಂದ ಗವಿರಂಗಪ್ಪ.

"ಅಪ್ಪ ಗಾಡಿ ಓಡಿಸ್ಬೇಕು," ಎಂದಳು ಸಾವಂತ್ರಿ.

"ನಮ್ಮನೇಗೇ ಬಾ, ನನ್ ಹತ್ರಾನೇ ಇರು ಅಂದೆ ನಾನು," ಎಂದಳು ಹೊಂಬಾಳಮ್ಮ. "ಅಮ್ಮನ ಕಾಲು ಹಲಗೆಗೆ ಎಟುಕ್ಬೇಕು ಅಂತಾಳೆ. ಒಂಬತ್ತು ವರ್ಷದ್ದು ಸಾಮಿ ಇದು. ಇದರ ಬಾಯಲ್ಲಿ ಇಂಥ ಮಾತು."

ಈರಜ್ಜಿ ತಾನಾಗಿಯೇ ನಡೆದುಹೋಗಿ ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ದೊಡ್ಡವರ ಕಂಬದಲ್ಲಿ ಹಿತ್ತಾಳೆಯ ಮೊದಲ ಗೆರೆ ಇರುವುದೇ ನಾಲ್ಕು ಅಡಿಗೆ. ಅವಳ ನೆತ್ತಿ ಆ ಗೆರೆಯಿಂದ ಅರ್ಧ ಅಡಿ ಕೆಳಗೆ, ಬರಿಯ ಮರದ ಮೇಲಿತ್ತು. "ಅಳೆ. ಅಳೆದು ಆ ಹಾಳೇಲಿ ನನ್ ಹೆಸರು ಸೇರಿಸು. ಎರಡು ನೂಲು ಅಜ್ಜಿದು ಅಂತ ಬರಿ. ಮೊಹರು ಹಾಕು. ಆಗ ಅವಳು ಎಲ್ ಬಿದ್ಕೊಂಡ್ರೂ ನನ್ನಿಂದ ಹೋಯ್ತದಲ್ಲ."

"ಆಗಲ್ಲಜ್ಜಿ. ನಾಲ್ಕು ಅಡಿಯೊಳಗಿನವರ ಹೆಸರು ಬರೆಯೋ ಹಾಗಿಲ್ಲ. ಅಜ್ಜಿಗೆ ಅಂಕಣಾನೂ ಇಲ್ಲ."

"ಅಂಕಣ ನೀನೇ ಗೆರೆ ಹಾಕಿ ಮಾಡ್ಕೋ. ಪೆನ್ನು ನಿನ್ ಕೈಯಲ್ಲೇ ಐತಲ್ಲ."

"ನಾನು ಹಾಕಿದ ಗೆರೆ ಮೇಲೆ ಮೊಹರು ನಡೆಯಲ್ಲ."

"ಹಂಗಾರೆ ಆ ಎರಡು ಯಾರು ಕೊಡ್ತಾರಪ್ಪ?" ಎಂದಳು. ಕೋಪವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದಳು. ಗವಿರಂಗಪ್ಪ ತನ್ನ ಚಪ್ಪಲಿ ನೋಡಿಕೊಂಡ. ಹೊಂಬಾಳಮ್ಮ ಸೆರಗಿನ ತುದಿಯ ನೂಲೊಂದನ್ನು ಎಳೆಯುತ್ತಾ ನಿಂತಳು. ನಾನು ಪುಸ್ತಕ ನೋಡಿದೆ.

"ನಂಗೆ ಇಷ್ಟೇ ಸಾಕು ಅಂದ್ರೆ ಆಗಲ್ವಾ ಸಾರ್?" ಎಂದಳು ಸಾವಂತ್ರಿ.

ಆಗುತ್ತದೆ. ಒಂಬತ್ತು ತುಂಬಿದ ಮಗು ತನಗೆ ಇಷ್ಟು ಸಾಕೆಂದು ಕಂಬದ ಮುಂದೆ ನಿಂತು ಹೇಳಿದರೆ ಅಷ್ಟಕ್ಕೇ ಲೆಕ್ಕ ಹಾಕಬೇಕು. ಹೆಚ್ಚಿನದನ್ನು ಆಮೇಲೆ ಅದು ಯಾರ ಮಗ್ಗುಲಿನಿಂದಲೂ ಎಳೆದುಕೊಳ್ಳುವುದಿಲ್ಲ, ಒಮ್ಮೆ ಬರೆಸಿದ್ದನ್ನು ತಿದ್ದಲೂ ಆಗುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ಅಂಥದ್ದನ್ನು ಬರೆದದ್ದು ಎರಡೇ ಸಲ. ಇಬ್ಬರೂ ಈಗ ಊರಿನಲ್ಲೇ ಇದ್ದಾರೆ. ಮಕ್ಕಳ ಅಂಗಿ ತೊಡುತ್ತಾರೆ, ಸಂತೆಯಲ್ಲಿ ಜನ ಅವರನ್ನು ಪಕ್ಕಕ್ಕೆ ಸರಿಸಿಕೊಂಡು ಹೋಗುತ್ತಾರೆ. ಇಲ್ಲ ಎಂದು ಸುಳ್ಳು ಹೇಳಬಹುದಿತ್ತು. ನಾನು ಒಂದು ಗಳಿಗೆ ತಡೆದೆ. ಆ ಗಳಿಗೆಯಲ್ಲಿ ಅವಳ ಅಪ್ಪನಾಗಲಿ ಅಮ್ಮನಾಗಲಿ ಬೇಡ ಎಂದಿದ್ದರೆ ಹೇಳಿಯೇಬಿಡುತ್ತಿದ್ದೆನೇನೋ.

"ಆಗ್ತದೆ," ಎಂದೆ.

"ಬ್ಯಾಡ ಕಣವ್ವ," ಎಂದಳು ಈರಜ್ಜಿ. "ನೀನು ನಿಮ್ಮಮ್ಮನಷ್ಟಾದ್ರೂ ಆಗ್ಬೇಡ್ವಾ? ಅವಳ ಮಾತು ಕೇಳ್ಬ್ಯಾಡಪ್ಪ ಗುಮಾಸ್ತ, ಮಗು ಅದು."

ಕಾನೂನಿನಲ್ಲಿ ಬೇಡವೆನ್ನಲು ಹಕ್ಕಿದ್ದದ್ದು ಹೆತ್ತವರಿಗೆ. ಅವರ ಕಡೆ ತಿರುಗಿ ಎರಡು ಸಲ ಕೇಳಿದೆ. ಹೊಂಬಾಳಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು, ತಲೆ ಅಲ್ಲಾಡಲಿಲ್ಲ. ಗವಿರಂಗಪ್ಪ, "ಅವಳೇ ಹೇಳ್ತಾವ್ಳಲ್ಲ," ಎಂದ. ಆಮೇಲೆ, "ಎಷ್ಟಾಗ್ತಾಳೆ?" ಎಂದು ಕೇಳಿದ.

ನಾಲ್ಕಕ್ಕೆ ಬದಲು ವರ್ಷಕ್ಕೆ ಎರಡು ನೂಲು. ಅವನದು ಒಂದೂವರೆ, ಹೊಂಬಾಳಮ್ಮನದು ಅರ್ಧ. ಹದಿನಾರರ ಹೊತ್ತಿಗೆ ಹುಡುಗಿ ಮೂರು ಮುಕ್ಕಾಲು ಅಡಿಯ ಆಸುಪಾಸು ನಿಲ್ಲುತ್ತಾಳೆ. ಕ್ಲಚ್ಚು ಹೆಚ್ಚು ಕಡಿಮೆ ಉಳಿಯುತ್ತದೆ, ಹಲಗೆ ಉಳಿಯುತ್ತದೆ. ಲೆಕ್ಕ ಓದಿ ಹೇಳಿದೆ. ಎರಡು ಕಡೆಯೂ ಸರಿದೂಗಿತ್ತು. ಹೆಬ್ಬೆಟ್ಟು ಒತ್ತುವಾಗ ಇಬ್ಬರೂ ಕಣ್ಣು ಎತ್ತಲಿಲ್ಲ, ಆದರೆ ಒತ್ತಿ ಹಿಂದೆ ಸರಿದಾಗ ಗವಿರಂಗಪ್ಪನ ಬೆನ್ನು ತುಸು ನೆಟ್ಟಗಾದದ್ದು ನನಗೆ ಕಂಡಿತು. ಇಪ್ಪತ್ತಾರು ವರ್ಷ ಬೆನ್ನುಗಳನ್ನೇ ನೋಡಿದವನು ನಾನು. ಹೊಂಬಾಳಮ್ಮನದೂ ಆಯಿತು. ಅವಳಿಗೂ ಅದು ತಿಳಿದಿರಬೇಕು. ತಟ್ಟನೆ ಕೂತು ಮಗಳನ್ನು ಎಳೆದು 'ತಪ್ಪಾಯ್ತು ಕಣೆ, ತಪ್ಪಾಯ್ತು' ಎಂದು ಅವಳ ಹೊಟ್ಟೆಗೆ ಮುಖ ಒತ್ತಿಕೊಂಡಳು.

ಸಾವಂತ್ರಿ ಅಮ್ಮನ ತಲೆಗೂದಲಿನಲ್ಲಿ ಸಿಕ್ಕಿದ್ದ ಹತ್ತಿಯ ತುಣುಕು ತೆಗೆದಳು. ನಾನು ಮೊಹರನ್ನು ಮಸಿಗೆ ಅದ್ದಿ ಒತ್ತುವುದನ್ನೇ ನೋಡಿದಳು. ಒತ್ತಿದ್ದಾಯಿತೆಂದು ಖಾತ್ರಿಯಾದ ಮೇಲೆ ಕೇಳಿದಳು.

"ಇನ್ಮೇಲೆ ನಾನು ಅಜ್ಜಿ ಹತ್ರ ಮಲಗ್ಬೋದಾ ಸಾರ್?"

ಮಲಗಬಹುದು ಎಂದೆ. ಈರಜ್ಜಿ ಕಂಬದ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದಳು.